ಜೇನು ಪ್ಯೂರಾ ಅಂತ ಕೇಳುವ ಮೊದಲು

ಊರಿಂದ ಜೇನು ತರುವ ನನ್ನಂಥವರಿಗೆ ಬೆಂಗಳೂರಿನಲ್ಲಿ ಒಂದು ಪ್ರಶ್ನೆ ತಪ್ಪಿದ್ದಲ್ಲ. "ಪ್ಯೂರ್ ತಾನೆ?" ಕೇಳುವವರಲ್ಲಿ ಟೀಮ್ ಲೀಡ್ ಇದ್ದಾರೆ, ಅಪಾರ್ಟ್‌ಮೆಂಟಿನ ಆಂಟಿ ಇದ್ದಾರೆ, ಬೆಳಿಗ್ಗೆದ್ದು ಬಿಸಿನೀರಿಗೆ ನಿಂಬೆ-ಜೇನು ಹಾಕಿ ಕುಡಿಯುವ ಜಿಮ್ ಗೆಳೆಯರೂ ಇದ್ದಾರೆ. ಸಕ್ಕರೆ ಪಾಕ ಬೆರೆಸಿಲ್ಲ ತಾನೆ ಅಂತ ಅವರ ಅರ್ಥ. ಬೆರೆಸಿಲ್ಲ. ಪೆಟ್ಟಿಗೆ ನಮ್ಮದೇ ಆದ್ದರಿಂದ ಅಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಆದರೆ ಈ ಪ್ರಶ್ನೆಯ ಮೇಲೆಯೇ ನನಗೊಂದು ತಕರಾರಿದೆ. ಅದು ಬಾಟ್ಲಿಯೊಳಗೆ ಯಾರೋ ಏನೋ ಸುರಿದಿದ್ದಾರಾ ಅಂತ ಕೇಳುತ್ತದೆ. ನೊಣ ಹೂವಿಗೆ ಹೋದಾಗ ಆ ಹೂವಿನ ಮೇಲೆ ಏನಿತ್ತು ಅಂತ ಕೇಳುವುದಿಲ್ಲ.

ನಮ್ಮ ಮನೆ ಇರುವುದು ಸುಬ್ರಹ್ಮಣ್ಯದ ಹತ್ತಿರ. ಮೊದಲು ಸುಳ್ಯ ತಾಲೂಕು, ಈಗ ಕಡಬ. ನೀವು ಕುಕ್ಕೆಗೆ ಬಂದವರಾದರೆ, ಅಥವಾ ಕುಮಾರಪರ್ವತ ಹತ್ತಿ ಇಳಿದವರಾದರೆ, ಆ ಹಸಿರು ನೋಡಿ "ಎಷ್ಟು ಕ್ಲೀನ್ ಜಾಗ ಮಾರಾಯ್ರೆ" ಅಂದಿರುತ್ತೀರಿ. ದಾರಿ ಬದಿಯಲ್ಲಿ 'ಕಾಡುಜೇನು' ಅಂತ ಬರೆದ ಬಾಟ್ಲಿ ಕಂಡರೆ ಅದೇ ಧೈರ್ಯದಲ್ಲಿ ಕೊಂಡಿರುತ್ತೀರಿ. ಆ ಹಸಿರು ಒಂದೇ ಹಸಿರಲ್ಲ. ಬೈಲಿನಲ್ಲಿ ಅಡಿಕೆ, ಅದರ ಬದಿಗೆ ರಬ್ಬರು, ಒಣ ಗುಡ್ಡೆಯಲ್ಲಿ ಗೇರು, ಅದರಾಚೆ ಕಾಡು. ತುಡುವೆ ಜೇನು ಪೆಟ್ಟಿಗೆಯಿಂದ ಹೊರಟರೆ ಒಂದೊಂದೂವರೆ ಕಿಲೋಮೀಟರು ಸುತ್ತುತ್ತದೆ. ಕಾಡಿನ ಮರದಲ್ಲಿ ಗೂಡು ಕಟ್ಟುವ ಹೆಜ್ಜೇನು ಇನ್ನೂ ದೂರ ಹೋಗುತ್ತದೆ. ಸರ್ವೆ ಕಲ್ಲು, ಬೇಲಿ, ಅರಣ್ಯದ ಗಡಿ ಯಾವುದೂ ಅದಕ್ಕಿಲ್ಲ. ಹಾಗಾಗಿ 'ಕಾಡುಜೇನು' ಅನ್ನುವುದು ಗೂಡು ಎಲ್ಲಿತ್ತು ಅಂತ ಮಾತ್ರ ಹೇಳುತ್ತದೆ. ನೊಣ ಎಲ್ಲಿ ಊಟ ಮಾಡಿತು ಅಂತ ಹೇಳುವುದಿಲ್ಲ.

ಮೊದಲು ಮನೆಮನೆಯ ಪರೀಕ್ಷೆಗಳನ್ನು ನೋಡಿಬಿಡೋಣ. ನೀರಿಗೆ ಒಂದು ಹನಿ ಬಿಟ್ಟರೆ ಕರಗದೆ ತಳಕ್ಕಿಳಿಯಬೇಕು. ಬೆಂಕಿಕಡ್ಡಿ ಅದ್ದಿ ಗೀರಿದರೆ ಹೊತ್ತಿಕೊಳ್ಳಬೇಕು. ಫ್ರಿಡ್ಜಿನಲ್ಲಿಟ್ಟರೆ ಗಟ್ಟಿಯಾಗಬಾರದು. ವಾಟ್ಸಾಪಿನಲ್ಲಿ ಓಡಾಡುವ ಈ ಮೂರೂ ಹೆಚ್ಚುಕಡಿಮೆ ನೀರಿನಂಶದ ಪರೀಕ್ಷೆಗಳು, ಅಷ್ಟೆ. ಗಟ್ಟಿಯಾಗುವುದು ಒಳ್ಳೆಯ ಜೇನಿನ ಸಹಜ ಗುಣ. ನಮ್ಮ ಕಡೆ ಜನವರಿಯಿಂದ ಮಾರ್ಚ್‌ವರೆಗೆ ರಬ್ಬರಿನ ಎಳೆ ಚಿಗುರಿನಿಂದ ಸಿಗುವ ಜೇನು ನೀರುನೀರಾಗಿಯೇ ಇರುತ್ತದೆ. ನೂರಕ್ಕೆ ನೂರು ಅಸಲಿಯಾದರೂ ಈ ಪರೀಕ್ಷೆಯಲ್ಲಿ ಫೇಲಾಗಿ ಬೈಸಿಕೊಳ್ಳುತ್ತದೆ. ಫ್ಯಾಕ್ಟರಿಯಲ್ಲಿ ನೀರು ಹಿಂಗಿಸಿದ ಪಾಕ ಸಲೀಸಾಗಿ ಪಾಸಾಗುತ್ತದೆ.

ಲ್ಯಾಬಿನ ಪರೀಕ್ಷೆಗಳು ಇದಕ್ಕಿಂತ ಎಷ್ಟೋ ವಾಸಿ. ಆದರೆ ಅವುಗಳೂ ಬಹುಪಾಲು ಇದೇ ಪ್ರಶ್ನೆಯ ಹಿಂದೆ ಬಿದ್ದಿವೆ. 2020ರ ಡಿಸೆಂಬರಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆಂಡ್ ಎನ್ವಿರಾನ್‌ಮೆಂಟ್ 13 ಬ್ರ್ಯಾಂಡ್‌ಗಳ ಜೇನು ಪರೀಕ್ಷೆ ಮಾಡಿಸಿದಾಗ ಎಲ್ಲದರಲ್ಲೂ ಪಾಸಾದದ್ದು ಮೂರೇ ಮೂರು. ಟೀವಿಯಲ್ಲಿ ದೊಡ್ಡ ಗಲಾಟೆಯಾಯಿತು, ನಮ್ಮ ಆಫೀಸಿನ ಗ್ರೂಪಿನಲ್ಲೂ ಆಯಿತು. ಎಲ್ಲರ ಬಾಯಲ್ಲೂ ಎನ್ಎಂಆರ್ ಅನ್ನುವ ಪದ. ಅದು ಸಕ್ಕರೆಯ ಕಳ್ಳತನ ಹಿಡಿಯುವ ಪರೀಕ್ಷೆ. ಕೀಟನಾಶಕದ ಶೇಷ ಹುಡುಕುವುದಕ್ಕೆ ಬೇರೆ ಯಂತ್ರ, ಬೇರೆ ವಿಧಾನ ಬೇಕು. ಅದೇ ಸಂಸ್ಥೆ 2010ರಲ್ಲಿ 12 ಬ್ರ್ಯಾಂಡ್‌ಗಳಲ್ಲಿ ಆಂಟಿಬಯೋಟಿಕ್ ಹುಡುಕಿತ್ತು, 11ರಲ್ಲಿ ಸಿಕ್ಕಿತು. ಹುಡುಕಿದ್ದು ಸಿಗುತ್ತದೆ. ಹುಡುಕದೇ ಇದ್ದದ್ದು 'ಪ್ಯೂರ್' ಅನ್ನುವ ಪದದ ಕೆಳಗೆ ಆರಾಮಾಗಿ ಕೂತಿರುತ್ತದೆ.

ಹಾಗಾದರೆ ಜೇನಿನಲ್ಲಿ ಕೀಟನಾಶಕ ಇದೆಯಾ? 2017ರಲ್ಲಿ ಸ್ವಿಜರ್‌ಲೆಂಡಿನ ನ್ಯೂಶಾಟೆಲ್ ವಿಶ್ವವಿದ್ಯಾಲಯದವರು ಜಗತ್ತಿನ ಎಲ್ಲೆಡೆಯಿಂದ 198 ಜೇನಿನ ಸ್ಯಾಂಪಲ್ ತರಿಸಿ ನಿಯೋನಿಕೋಟಿನಾಯ್ಡ್ ಎಂಬ ಒಂದೇ ಗುಂಪಿನ ಐದು ಕೀಟನಾಶಕಗಳಿಗಾಗಿ ಹುಡುಕಿದರು. ನೂರಕ್ಕೆ 75 ಸ್ಯಾಂಪಲ್‌ಗಳಲ್ಲಿ ಕನಿಷ್ಠ ಒಂದು ಸಿಕ್ಕಿತು, 45ರಲ್ಲಿ ಎರಡು ಅಥವಾ ಹೆಚ್ಚು. ಪ್ರಮಾಣ ಎಷ್ಟು? ಸಿಕ್ಕ ಕಡೆ ಸರಾಸರಿ ಒಂದು ಗ್ರಾಂ ಜೇನಿಗೆ 1.8 ನ್ಯಾನೋಗ್ರಾಂ. ನ್ಯಾನೋಗ್ರಾಂ ಅಂದರೆ ಒಂದು ಗ್ರಾಂನ ನೂರು ಕೋಟಿಯಲ್ಲಿ ಒಂದು ಪಾಲು. ಮನುಷ್ಯರಿಗೆ ನಿಗದಿಪಡಿಸಿದ ಮಿತಿಗಿಂತ ಇದು ಕಡಿಮೆ. ನಮ್ಮ ದೇಶದ ನಿಯಮದಲ್ಲೂ, ಪ್ರತ್ಯೇಕ ಮಿತಿ ಇಲ್ಲದ ಕೀಟನಾಶಕಕ್ಕೆ ಕಿಲೋಗೆ 0.01 ಮಿಲಿಗ್ರಾಂ ಅನ್ನುವ ಸಾಮಾನ್ಯ ಮಿತಿ ಇದೆ. 1.8 ನ್ಯಾನೋಗ್ರಾಂ ಅದರ ಐದನೇ ಒಂದು ಭಾಗವೂ ಅಲ್ಲ. ಅಂದರೆ ನಿಮ್ಮ ನಿಂಬೆ-ಜೇನಿಗೆ ಹೆದರಬೇಕಾಗಿಲ್ಲ.

ಇಲ್ಲಿಗೆ ಗ್ರಾಹಕನ ಪ್ರಶ್ನೆ ಮುಗಿಯಿತು. ಬಹಳ ಲೇಖನಗಳೂ ಇಲ್ಲಿಗೇ ಮುಗಿಯುತ್ತವೆ. ನನ್ನ ತಕರಾರು ಇಲ್ಲಿಂದಲೇ ಶುರು.

ಮಿತಿ ಹಾಕಿದ್ದು ಅರವತ್ತು ಕಿಲೋ ತೂಗುವ, ದಿನಕ್ಕೊಂದು ಚಮಚ ಜೇನು ತಿನ್ನುವ ಪ್ರಾಣಿಗೆ. ಒಂದು ಗ್ರಾಂನ ಹತ್ತನೇ ಒಂದು ಭಾಗವೂ ತೂಗದ, ಹಗಲೂ ರಾತ್ರಿ ಅದನ್ನೇ ತಿಂದು ಬದುಕುವ ನೊಣಕ್ಕಲ್ಲ. ಥಯಾಮೆಥಾಕ್ಸಾಮ್ ಎಂಬ ಕೀಟನಾಶಕ ಭತ್ತ, ಬೆಂಡೆ, ಮಾವು ಎಲ್ಲಕ್ಕೂ ಬಳಕೆಯಲ್ಲಿದೆ. ಅದರ ಐದು ನ್ಯಾನೋಗ್ರಾಂ ಹೊಟ್ಟೆಗೆ ಹೋದರೆ ಅರ್ಧದಷ್ಟು ಜೇನುನೊಣಗಳು ಸಾಯುತ್ತವೆ. ಸಾಯುವ ಪ್ರಮಾಣಕ್ಕಿಂತ ಕಡಿಮೆ ಕೊಟ್ಟರೆ ಏನಾಗುತ್ತದೆ ಅಂತ ಫ್ರಾನ್ಸಿನ ವಿಜ್ಞಾನಿಗಳು 2012ರಲ್ಲಿ ನೋಡಿದರು. ನಮ್ಮ ಆಫೀಸಿನ ಐಡಿ ಕಾರ್ಡಿನಲ್ಲಿರುತ್ತದಲ್ಲ ಆರ್‌ಎಫ್‌ಐಡಿ, ಅದರ ಪುಟಾಣಿ ಚಿಪ್ಪನ್ನು ನೊಣಗಳ ಬೆನ್ನಿಗೆ ಅಂಟಿಸಿ, ಗೂಡಿನ ಬಾಗಿಲಲ್ಲಿ ರೀಡರ್ ಇಟ್ಟರು. ಹೊರಗೆ ಹೋದವರೆಷ್ಟು, ವಾಪಸ್ ಸ್ವೈಪ್ ಮಾಡಿದವರೆಷ್ಟು ಅಂತ ಲೆಕ್ಕ. ಥಯಾಮೆಥಾಕ್ಸಾಮ್ ತಿಂದ ನೊಣಗಳು ಸಾಮಾನ್ಯ ನೊಣಗಳಿಗಿಂತ ಹೆಚ್ಚಿನ ಸಂಖ್ಯೆಯಲ್ಲಿ ಮನೆಗೆ ವಾಪಸ್ ಬರಲಿಲ್ಲ. ದಾರಿ ತಪ್ಪಿದವು.

ಸಾಫ್ಟ್‌ವೇರಿನವರಿಗೆ ಇದು ಬೇಗ ಅರ್ಥವಾಗಬೇಕು. ಡೌನ್ ಆದ ಸರ್ವರ್ ಲಾಗ್ ಕಳಿಸುವುದಿಲ್ಲ. ಲಾಗ್ ಕಳಿಸುತ್ತಿರುವ ಸರ್ವರ್‌ಗಳನ್ನಷ್ಟೇ ನೋಡಿ "ಎಲ್ಲ ಗ್ರೀನ್ ಇದೆ" ಅಂತ ರಿಪೋರ್ಟ್ ಕೊಟ್ಟರೆ ಮ್ಯಾನೇಜರ್ ಸುಮ್ಮನಿರುತ್ತಾರಾ? ಜೇನುತುಪ್ಪದ ಪರೀಕ್ಷೆ ಹೆಚ್ಚುಕಡಿಮೆ ಹಾಗೆಯೇ. ವಿಷ ಹೆಚ್ಚಾಗಿ ತಾಗಿದ ನೊಣ ತೋಟದಲ್ಲೇ ಬಿದ್ದು ಹೋಗುತ್ತದೆ. ಅದು ಹೊತ್ತ ಮಕರಂದ ಗೂಡಿಗೆ ಬರುವುದೇ ಇಲ್ಲ. ಬದುಕಿ ಬಂದವರು ತಂದದ್ದು ಮಾತ್ರ ತುಪ್ಪವಾಗುತ್ತದೆ. ಅದಲ್ಲದೆ, ಬಹಳಷ್ಟು ಕೀಟನಾಶಕಗಳು ಕೊಬ್ಬಿನಲ್ಲಿ ಕರಗುವಂಥವು. ಅವು ತುಪ್ಪದಲ್ಲಿ ಕಡಿಮೆ, ಮೇಣದಲ್ಲೂ ಪರಾಗದಲ್ಲೂ ಹೆಚ್ಚು ಕೂರುತ್ತವೆ. ಅಮೆರಿಕದಲ್ಲಿ 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೇಣ, ಪರಾಗ, ನೊಣ ಎಲ್ಲ ಸೇರಿ 887 ಸ್ಯಾಂಪಲ್ ನೋಡಿದ್ದರು. ಸಿಕ್ಕಿದ್ದು 121 ಬಗೆಯ ಕೀಟನಾಶಕಗಳು ಮತ್ತು ಅವು ಒಡೆದು ಆದ ವಸ್ತುಗಳು. ಅವರು ಬರೀ ತುಪ್ಪದ ಬಾಟ್ಲಿ ನೋಡಿ ಎದ್ದು ಹೋಗಿದ್ದರೆ ಈ ಚಿತ್ರವೇ ಸಿಗುತ್ತಿರಲಿಲ್ಲ.

ಹಾಗಾಗಿ ತುಪ್ಪ ಕ್ಲೀನ್ ಬಂತು ಅಂದರೆ ತಿನ್ನುವವನು ಸೇಫ್ ಅಂತ ಅರ್ಥ. ಊರು ಸೇಫ್ ಅಂತಲ್ಲ. ಇವೆರಡನ್ನು ಒಂದೇ ಎಂದು ತಿಳಿದುಕೊಂಡಿರುವುದೇ ನಮ್ಮ ಜೇನಿನ ಚರ್ಚೆಯ ದೊಡ್ಡ ದೋಷ.

ನಮ್ಮ ತುಡುವೆಯ ಸ್ವಭಾವ ಈ ಕತೆಯನ್ನು ಇನ್ನಷ್ಟು ಕಷ್ಟ ಮಾಡುತ್ತದೆ. ಪಂಜಾಬು, ಬಿಹಾರದಲ್ಲಿ ಸಾಕುವ ಮೆಲ್ಲಿಫೆರಾ ನೊಣ ಏನಾದರೂ ಗೂಡು ಬಿಟ್ಟು ಸುಲಭಕ್ಕೆ ಹೋಗುವುದಿಲ್ಲ. ತುಡುವೆಗೆ ಒಂಚೂರು ಬೇಜಾರಾದರೆ ಸಾಕು, ಇಡೀ ಸಂಸಾರ ಕಟ್ಟಿಕೊಂಡು ಹಾರಿಬಿಡುತ್ತದೆ. ಇರುವೆ ಬಂತು ಅಂತ ಹಾರುತ್ತದೆ, ಮೇಣದ ಹುಳ ಬಂತು ಅಂತ ಹಾರುತ್ತದೆ, ಊಟ ಕಡಿಮೆಯಾಯಿತು ಅಂತ ಹಾರುತ್ತದೆ. ಹೊರಗೆ ಹೋದ ನೊಣ ಬಾರದೆ ಗೂಡು ಬಡವಾದರೂ ಹಾರುತ್ತದೆ. ಸಾಕುವವನು ನೋಡುವುದು ಖಾಲಿ ಪೆಟ್ಟಿಗೆ. ಅವನ ಲೆಕ್ಕದಲ್ಲಿ ಬರೆಯುವುದು "ಹಾರಿಹೋಯಿತು" ಅಂತ. ಕಾರಣದ ಕಾಲಂ ಇಲ್ಲವೇ ಇಲ್ಲ.

ಇನ್ನೊಂದು ಕಾರಣ ನಮ್ಮ ಜಿಲ್ಲೆಯ ನೆನಪಿನಲ್ಲಿದೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಪುತ್ತೂರಿನ ಜೇನು ಸಹಕಾರಿ ಸಂಘಕ್ಕೆ ತುಪ್ಪ ಕೊಡುತ್ತಿದ್ದ ಮನೆಗಳಲ್ಲಿ ಪೆಟ್ಟಿಗೆಗಳು ಅಟ್ಟ ಸೇರಿದವು. ಅಂದಿನಿಂದ ನೊಣ ಸತ್ತರೆ ಹಿರಿಯರ ಉತ್ತರ ಒಂದೇ: "ರೋಗ ಬಂತು." ಆದರೆ ಸ್ಯಾಕ್‌ಬ್ರೂಡ್‌ನಲ್ಲಿ ಸಾಯುವುದು ಕಣದೊಳಗಿನ ಮರಿಹುಳ. ಚೀಲದೊಳಗೆ ನೀರು ತುಂಬಿದ ಹಾಗೆ ಆಗಿ ಸಾಯುತ್ತದೆ. ಕೀಟನಾಶಕದಲ್ಲಿ ಸಾಯುವುದು ದುಡಿಯುವ ದೊಡ್ಡ ನೊಣ. ಪೆಟ್ಟಿಗೆಯ ಬಾಗಿಲ ಮುಂದೆ ರಾಶಿ ಬಿದ್ದಿರುತ್ತದೆ, ನಾಲಿಗೆ ಹೊರಗೆ ಚಾಚಿಕೊಂಡಿರುತ್ತದೆ, ಸಾಯದೆ ಉಳಿದವು ನಡುಗುತ್ತಾ ನೆಲದಲ್ಲಿ ಸುತ್ತುತ್ತಿರುತ್ತವೆ. ಎರಡೂ ಒಂದೇ ಅಲ್ಲ.

ಈ ಎರಡನೆಯದನ್ನು ನಾನು ನಮ್ಮ ಅಂಗಳದಲ್ಲೇ ನೋಡಿದ್ದೇನೆ. ಒಂದು ಫೆಬ್ರವರಿಯಲ್ಲಿ, ವರ್ಕ್ ಫ್ರಂ ಹೋಮ್ ಅಂತ ಊರಲ್ಲಿದ್ದಾಗ, ಎರಡು ಪೆಟ್ಟಿಗೆಗಳ ಮುಂದೆ ಹಿಡಿಹಿಡಿಯಷ್ಟು ಸತ್ತ ನೊಣ. ಹಿಂದಿನ ದಿನ ಆಚೆ ಗುಡ್ಡೆಯ ಗೇರಿಗೆ ಸ್ಪ್ರೇ ಆಗಿತ್ತು. ಅಪ್ಪ ನೋಡಿದರು, ಏನೂ ಹೇಳಲಿಲ್ಲ. ಅಮ್ಮ ಗುಡಿಸಿ ತೆಂಗಿನ ಬುಡಕ್ಕೆ ಹಾಕಿದರು. ಯಾರ ಮೇಲೆ ದೂರು ಕೊಡುವುದು? ಸ್ಪ್ರೇ ಮಾಡಿದವರು ಮಾಡಿದ್ದು ಅವರ ಜಾಗದಲ್ಲಿ, ಅಂಗಡಿಯಲ್ಲಿ ಮಾರುವ ಮದ್ದು, ಬಿಲ್ಲು ಸಮೇತ. ಆ ನೊಣಗಳನ್ನು ಕವರಿಗೆ ಹಾಕಿ ಪರೀಕ್ಷೆಗೆ ಕಳಿಸುವ ಯೋಚನೆ ನಮ್ಮ ಬೈಲಿನಲ್ಲಿ ಯಾರಿಗೂ ಬರುವುದಿಲ್ಲ. ಬ್ರಿಟನ್ನಿನಲ್ಲಿ ಕೀಟನಾಶಕದಿಂದ ಸತ್ತಿರಬಹುದಾದ ವನ್ಯಜೀವಿಗಳನ್ನು ತನಿಖೆ ಮಾಡುವ ಸರ್ಕಾರಿ ವ್ಯವಸ್ಥೆಯೊಂದಿದೆ. ಜೇನು ಸಾಕುವವರು ಸತ್ತ ನೊಣಗಳನ್ನೂ ಅದಕ್ಕೆ ಕಳಿಸಬಹುದು. ನಮ್ಮಲ್ಲಿ ಸತ್ತ ನೊಣ ತೆಂಗಿನ ಬುಡಕ್ಕೆ, ಬದುಕಿದ ನೊಣದ ತುಪ್ಪ ಲ್ಯಾಬಿಗೆ.

ಈಗ ನಮ್ಮೂರಿನ ಮದ್ದಿನ ಕ್ಯಾಲೆಂಡರ್ ಒಮ್ಮೆ ನೋಡಿ. ಅಡಿಕೆಗೆ ಬೋರ್ಡೋ ದ್ರಾವಣ, ಅಂದರೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗಾಲದ ಕೊಳೆರೋಗಕ್ಕೆ ಇದು ಇಂದಿಗೂ ರಾಮಬಾಣ. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ನೂರು ವರ್ಷಕ್ಕೂ ಹಿಂದೆ ಅಡಿಕೆಯ ಕೊಳೆಗೆ ಇದನ್ನು ರೂಢಿಗೆ ತಂದವರು. ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, ಮತ್ತೆ ನಲವತ್ತು-ನಲವತ್ತೈದು ದಿನಕ್ಕೆ ಇನ್ನೊಮ್ಮೆ. ಆಗ ಜೇನಿಗೆ ಹೂವಿನ ಬರಗಾಲ, ನೊಣಗಳು ಹೆಚ್ಚಾಗಿ ಒಳಗೇ ಇರುತ್ತವೆ. ಬೋರ್ಡೋವನ್ನು ಈ ಕತೆಯ ಖಳನಾಯಕ ಮಾಡುವುದು ಸರಿಯಲ್ಲ.

ತೊಂದರೆ ಇರುವುದು ಬಿಸಿಲ ದಿನಗಳ ಮದ್ದಿನಲ್ಲಿ. ಡಿಸೆಂಬರಿಂದ ಮಾರ್ಚ್‌ವರೆಗೆ ಗೇರು ಹೂ ಬಿಡುತ್ತದೆ. ಚಹಾ ಸೊಳ್ಳೆ ಎಂಬ ಕೀಟ ಬರುವುದೂ ಆಗಲೇ. ಚಿಗುರುವಾಗ ಒಮ್ಮೆ, ಹೂ ಬಿಡುವಾಗ ಒಮ್ಮೆ, ಕಾಯಿ ಕಟ್ಟುವಾಗ ಒಮ್ಮೆ ಹೊಡೆಯಬೇಕು ಅನ್ನುವುದು ರೂಢಿಯ ಶಿಫಾರಸು. ಅಂದರೆ ಜೇನು ಹೂವಿನ ಮೇಲಿರುವಾಗಲೇ. ಅದಕ್ಕೆ ಬಳಸುವವುಗಳಲ್ಲಿ ಲ್ಯಾಂಬ್ಡಾ ಸೈಹಾಲೋಥ್ರಿನ್ ಒಂದು. ಅಡಿಕೆಯ ಹಿಂಗಾರ ಒಣಗುತ್ತದೆ ಅಂತ ಅದೇ ಸೀಸನ್ನಿನಲ್ಲಿ ಹಿಂಗಾರಕ್ಕೆ ಬೇರೆ ಸ್ಪ್ರೇ. ಆ ಹಿಂಗಾರದ ಪರಾಗವೇ ತುಡುವೆಯ ಮರಿಗಳ ಆಹಾರ. ರಬ್ಬರಿನ ಎಳೆ ಚಿಗುರಿನಿಂದ ಜೇನು ಇಳಿಯುವ ಹೊತ್ತಿಗೇ ಬೂದಿರೋಗಕ್ಕೆ ಗಂಧಕದ ಪುಡಿ. ಇತ್ತೀಚಿನ ವರ್ಷಗಳಲ್ಲಿ ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ ಪ್ರೊಪಿಕೊನಜೋಲ್‌ನಂಥ ಶಿಲೀಂಧ್ರನಾಶಕಗಳು ಮನೆಮನೆಗೂ ಬಂದಿವೆ.

"ಶಿಲೀಂಧ್ರನಾಶಕ ತಾನೆ, ಕೀಟಕ್ಕೇನಾಗುತ್ತದೆ?" ಅಂತ ಊರಲ್ಲಿ ಕೇಳುತ್ತಾರೆ. ಪ್ರೊಪಿಕೊನಜೋಲ್ ಒಂದನ್ನೇ ನೋಡಿದರೆ ಮಾತು ಬಹುಪಾಲು ಸರಿ. ಆದರೆ ನೊಣದ ದೇಹದಲ್ಲಿ ವಿಷವನ್ನು ಒಡೆದು ಹಾಕುವ ಕಿಣ್ವಗಳಿವೆ, ಈ ಗುಂಪಿನ ಶಿಲೀಂಧ್ರನಾಶಕಗಳು ಆ ಕಿಣ್ವಗಳ ಕೈಕಟ್ಟುತ್ತವೆ. ಪ್ರೊಪಿಕೊನಜೋಲ್ ಜೊತೆಗಿದ್ದರೆ ಲ್ಯಾಂಬ್ಡಾ ಸೈಹಾಲೋಥ್ರಿನ್ ಜೇನಿಗೆ ಹಲವು ಪಟ್ಟು ಹೆಚ್ಚು ಮಾರಕ ಅಂತ ಬ್ರಿಟನ್ನಿನ ಸಂಶೋಧಕರು 1993ರಲ್ಲೇ ಬರೆದಿದ್ದಾರೆ. ನಮ್ಮ ಬೈಲಿನ ಅಡಿಕೆಗೆ ಒಂದು, ಪಕ್ಕದ ಗುಡ್ಡೆಯ ಗೇರಿಗೆ ಇನ್ನೊಂದು. ಇಬ್ಬರೂ ಶಿಫಾರಸಿನ ಪ್ರಕಾರವೇ ಮಾಡಿದ್ದಾರೆ. ಎರಡೂ ಸೇರುವುದು ಎರಡೂ ಕಡೆ ಹೋಗಿ ಬಂದ ನೊಣದ ಹೊಟ್ಟೆಯಲ್ಲಿ. ಯೂನಿಟ್ ಟೆಸ್ಟ್ ಎಲ್ಲ ಪಾಸು, ಇಂಟಿಗ್ರೇಷನ್‌ನಲ್ಲಿ ಫೇಲ್ ಅನ್ನುತ್ತೇವಲ್ಲ, ಅದೇ. ಕೀಟನಾಶಕದ ಅನುಮತಿ ಒಂದೊಂದು ಮದ್ದಿಗೆ ಬೇರೆಬೇರೆಯಾಗಿ ಸಿಗುತ್ತದೆ. ಒಂದು ಬೈಲಿನಲ್ಲಿ ಒಟ್ಟಿಗೆ ಏನೇನು ಬೀಳುತ್ತದೆ ಅಂತ ಲೆಕ್ಕ ಇಡುವವರು ಯಾರೂ ಇಲ್ಲ.

ಜೇನಿನ ಸಾವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದರೆ ಏನಾಗುತ್ತದೆ ಅನ್ನುವುದು ನಮ್ಮ ಸೀಮೆಗೆ ಪುಸ್ತಕದ ಪಾಠವಲ್ಲ. ಸುಬ್ರಹ್ಮಣ್ಯದಿಂದ ಧರ್ಮಸ್ಥಳಕ್ಕೆ ಹೋಗುವ ದಾರಿಯ ಆಸುಪಾಸಿನಲ್ಲೇ ಕೊಕ್ಕಡ ಇದೆ. ಅಲ್ಲಿ, ನಿಡ್ಲೆ, ಪಟ್ರಮೆಗಳಲ್ಲಿ ಗೇರು ನಿಗಮದ ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗಡಿಯಾಚೆ ಕಾಸರಗೋಡಿನಲ್ಲಿ, ನಮ್ಮದೇ ಭಾಷೆಯ ಪಡ್ರೆ, ಸ್ವರ್ಗ, ಎಣ್ಮಕಜೆಯಲ್ಲೂ ಅದೇ, 2000ದವರೆಗೆ. ಅಲ್ಲಿನ ಜನ ಮೊದಮೊದಲು ಹೇಳಿದ್ದು ಮಕ್ಕಳ ಮಾತನ್ನಲ್ಲ. ಜೇನು ಸಾಯುತ್ತಿದೆ, ಕಪ್ಪೆ-ಮೀನು ಸಾಯುತ್ತಿದೆ, ಹುಟ್ಟುವ ಕರುಗಳ ಕಾಲು ಸೊಟ್ಟ ಅಂತ. ಪತ್ರಕರ್ತ ಶ್ರೀಪಡ್ರೆ ಬರೆದರು. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳಲ್ಲಿ ಏನೋ ಸರಿಯಿಲ್ಲ ಅಂತ ವರ್ಷಗಟ್ಟಲೆ ಹೇಳುತ್ತಾ ಬಂದರು. ತಮಾಷೆಯೆಂದರೆ, ಅಷ್ಟೂ ದಿನ ಎಂಡೋಸಲ್ಫಾನ್ ಪರ ವಾದಿಸುವವರ ಕೈಯಲ್ಲಿದ್ದ ಒಂದು ಅಂಕ ಇದು: ಅದು ಜೇನಿನಂಥ ಉಪಕಾರಿ ಕೀಟಗಳಿಗೆ 'ಮೃದು'. ಲ್ಯಾಬಿನಲ್ಲಿ ಬೇರೆ ಮದ್ದುಗಳ ಜೊತೆ ಹೋಲಿಸಿದರೆ ಇರಬಹುದು. ಹೆಲಿಕಾಪ್ಟರಿನ ಕೆಳಗಿನ ನೊಣಕ್ಕೆ ಆ ಹೋಲಿಕೆ ಯಾಕೆ?

ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರ ಮೇ 13ಕ್ಕೆ. ಕಾಸರಗೋಡಿನ ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಅಂತ ಕೇರಳಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. ನೊಣ ಕೊಟ್ಟ ಸೂಚನೆಗೂ ಮನುಷ್ಯರಿಗೆ ಸಿಕ್ಕ ಉತ್ತರಕ್ಕೂ ನಡುವೆ ಒಂದು ಇಡೀ ತಲೆಮಾರು ಹೋಯಿತು. ಈಗಿನ ಮದ್ದುಗಳೆಲ್ಲ ಎಂಡೋಸಲ್ಫಾನ್ ಅಂತ ನಾನು ಹೇಳುತ್ತಿಲ್ಲ. ಜೇನಿನ ಸಾವು ಅಂದರೆ ಜೇನಿನದ್ದು ಮಾತ್ರ ಅಂತ ಬಿಟ್ಟುಬಿಡುವ ಅಭ್ಯಾಸ ಮಾತ್ರ ಹಾಗೇ ಇದೆ ಅಂತ ಹೇಳುತ್ತಿದ್ದೇನೆ.

ಆ ಅಭ್ಯಾಸ ಡಬ್ಬದ ಮೇಲೂ ಇದೆ. ಕೀಟನಾಶಕದ ಡಬ್ಬದಲ್ಲಿ ಬಣ್ಣದ ತ್ರಿಕೋನ ನೋಡಿರುತ್ತೀರಿ. ಕೆಂಪು ಅತಿ ವಿಷ, ಹಳದಿ ಹೆಚ್ಚು ವಿಷ, ನೀಲಿ ಮಧ್ಯಮ, ಹಸಿರು ಅಲ್ಪ. ಈ ಬಣ್ಣ ನಿರ್ಧಾರವಾಗುವುದು ಲ್ಯಾಬಿನ ಇಲಿಗೆ ಎಷ್ಟು ಕೊಟ್ಟರೆ ಸಾಯುತ್ತದೆ ಅನ್ನುವುದರ ಮೇಲೆ. ಮನುಷ್ಯನ ರಕ್ಷಣೆಗೆ ಅದು ಬೇಕೇ ಬೇಕು. ಆದರೆ ಐದು ನ್ಯಾನೋಗ್ರಾಂಗೆ ಜೇನು ಕೊಲ್ಲುವ ಥಯಾಮೆಥಾಕ್ಸಾಮ್ ಇಲಿಯ ಲೆಕ್ಕದಲ್ಲಿ ಬೀಳುವುದು ನೀಲಿ ಗುಂಪಿಗೆ. ನಮ್ಮೂರಿನಲ್ಲಿ ನೀಲಿ ಅಂದರೆ "ಇದು ಅಷ್ಟೇನೂ ಸ್ಟ್ರಾಂಗ್ ಇಲ್ಲ" ಅಂತ ಓದಿಕೊಳ್ಳುತ್ತಾರೆ. ಜೇನಿಗೆ ಅಪಾಯ ಅನ್ನುವ ಮಾತು ಇದ್ದರೂ ಡಬ್ಬದೊಳಗಿನ ಮಡಚಿದ ಕಾಗದದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. ಅಮೆರಿಕ 2013ರಲ್ಲಿ ನಿಯೋನಿಕೋಟಿನಾಯ್ಡ್ ಲೇಬಲ್‌ಗಳ ಮೇಲೆ ಜೇನುನೊಣದ ಚಿತ್ರ ಹಾಕಿಸಿತು. ಯುರೋಪ್ 2018ರಲ್ಲಿ ಥಯಾಮೆಥಾಕ್ಸಾಮ್ ಸೇರಿ ಮೂರನ್ನು ಹೊರಗಿನ ಹೊಲಗಳಲ್ಲಿ ಬಳಸುವುದನ್ನೇ ನಿಷೇಧಿಸಿತು.

ನಮ್ಮ ಸರ್ಕಾರ? 2020ರ ಮೇ ತಿಂಗಳು ನೆನಪಿಸಿಕೊಳ್ಳಿ, ಲಾಕ್‌ಡೌನ್ ಕಾಲ. ಆತ್ಮನಿರ್ಭರ ಪ್ಯಾಕೇಜಿನಲ್ಲಿ ಜೇನು ಸಾಕಣೆಗೆ 500 ಕೋಟಿ ಘೋಷಣೆಯಾಯಿತು. ಅದೇ ಮೇ ತಿಂಗಳಲ್ಲಿ ಕೃಷಿ ಸಚಿವಾಲಯ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಆದೇಶ ಹೊರಡಿಸಿತು. ಅದರಲ್ಲಿ ಹಲವಕ್ಕೆ ಕೊಟ್ಟ ಕಾರಣಗಳಲ್ಲಿ ಜೇನುನೊಣಕ್ಕೆ ವಿಷಕಾರಿ ಅನ್ನುವುದೂ ಒಂದು. ಒಳ್ಳೆಯ ಜೋಡಿ ಅನಿಸಿತ್ತು ನನಗೆ. 2023ರಲ್ಲಿ ಆದೇಶ ಅಂತಿಮವಾಗುವಾಗ ಆ 27ರಲ್ಲಿ ನಿಷೇಧವಾದದ್ದು ಮೂರು: ಡೈಕೋಫಾಲ್, ಡೈನೋಕ್ಯಾಪ್, ಮೆಥೋಮಿಲ್. ಜೊತೆಗೆ ಮೋನೋಕ್ರೋಟೋಫಾಸ್‌ನ ಒಂದು ರೂಪಕ್ಕೆ ತಡೆ. ಪೆಟ್ಟಿಗೆ ಕೊಡುವ ಕೈ ಚಾಚಿಕೊಂಡಿತು, ವಿಷ ಹಿಡಿಯಬೇಕಾದ ಕೈ ಜೇಬಿಗೆ ಹೋಯಿತು. ತೋಟಗಾರಿಕೆ ಇಲಾಖೆಯ ಕತೆಯೂ ಹೀಗೇ. ಜೇನು ಪೆಟ್ಟಿಗೆಗೆ ಸಬ್ಸಿಡಿ ಅವರದ್ದೇ, ಎಲೆಚುಕ್ಕಿಯ ಮದ್ದಿಗೆ ಸಹಾಯವೂ ಅವರದ್ದೇ. ಎರಡೂ ಬೇಕು, ಒಪ್ಪುತ್ತೇನೆ. ಆದರೆ ಎರಡು ಫೈಲುಗಳು ಒಂದೇ ಟೇಬಲಿನ ಮೇಲಿದ್ದೂ ಮಾತಾಡಿಕೊಳ್ಳುವುದಿಲ್ಲ.

ಇಷ್ಟು ಹೇಳಿ ರೈತನನ್ನು ಬೈದು ಮುಗಿಸುವುದು ಸುಲಭ. ನಗರದಲ್ಲಿ ಕೂತು ಬರೆಯುವವರು ಅದನ್ನೇ ಮಾಡುತ್ತಾರೆ. ನನಗೆ ಅದು ಸಾಧ್ಯವಿಲ್ಲ, ಯಾಕೆಂದರೆ ನನ್ನ ಬಿಇ ಫೀಸು ಅಡಿಕೆಯಿಂದ ಬಂದದ್ದು. ಕೊಳೆ ಬಂದರೆ ಒಂದು ವಾರದಲ್ಲಿ ವರ್ಷದ ಸಂಪಾದನೆ ತೋಟದ ನೆಲದಲ್ಲಿ ಬಿದ್ದಿರುತ್ತದೆ. ಹಳದಿ ಎಲೆ ರೋಗ ಬಂದ ಸಂಪಾಜೆ, ಅರಂತೋಡಿನ ಕಡೆ ತೋಟಕ್ಕೆ ತೋಟವೇ ಹೋಗಿದೆ. ಆ ಹೆದರಿಕೆಯಲ್ಲಿರುವವರಿಗೆ "ಮದ್ದು ಬಿಡಬೇಡಿ" ಅನ್ನುವುದು ಮಾತಲ್ಲ. ಮೇಲಾಗಿ ಅಡಿಕೆಯ ಪರಾಗಸ್ಪರ್ಶ ಹೆಚ್ಚಾಗಿ ಗಾಳಿಯಿಂದ ಆಗುತ್ತದೆ. ಜೇನು ಸತ್ತರೂ ಅಡಿಕೆ ಗೊನೆ ಕಡಿಮೆಯಾಗುವುದಿಲ್ಲ. ನಷ್ಟ ಆಗುವುದು ಜೇನು ಸಾಕುವವನಿಗೆ, ಅಂಗಳದ ಹಾಗಲ-ಪಡುವಲಕ್ಕೆ, ಗೇರಿಗೆ, ಕಾಡಿಗೆ. ಮದ್ದು ಬಿಟ್ಟವನ ಲೆಕ್ಕದ ಪುಸ್ತಕದಲ್ಲಿ ಆ ನಷ್ಟ ಕಾಣುವುದೇ ಇಲ್ಲ. ಕಾಣದ ನಷ್ಟದ ಬಗ್ಗೆ ಉಪದೇಶ ಮಾಡಿದರೆ ಯಾರು ಕೇಳುತ್ತಾರೆ?

ಉಪದೇಶವೂ ನೆಲದ ಮೇಲೆ ನಿಂತು ಕೊಟ್ಟದ್ದಲ್ಲ. "ಸಂಜೆ ನೊಣ ಗೂಡಿಗೆ ಮರಳಿದ ಮೇಲೆ ಸಿಂಪಡಿಸಿ" ಅಂತ ಕರಪತ್ರದಲ್ಲಿರುತ್ತದೆ. ಐವತ್ತಡಿ ಅಡಿಕೆ ಮರಕ್ಕೆ ಸಂಜೆ ಕತ್ತಲಲ್ಲಿ ಯಾರು ಹತ್ತುತ್ತಾರೆ? ಮರ ಹತ್ತುವವರ ಡೇಟು ಸಿಗುವುದೇ ನಮ್ಮ ಪ್ರೊಡಕ್ಷನ್ ರಿಲೀಸ್ ವಿಂಡೋಗಿಂತ ಕಷ್ಟ. ಅವರು ಬಂದ ದಿನ, ಬಂದ ಹೊತ್ತಿಗೆ ಮದ್ದು. ಆದರೆ ಈಚೆಗೆ ಒಂದು ಬದಲಾವಣೆ ಆಗಿದೆ. ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದಲ್ಲೇ ನಿಂತು ಸ್ಪ್ರೇ ಮಾಡಬಹುದು. ಮನೆಯವರೇ ಕಲಿತುಕೊಂಡಿದ್ದಾರೆ. ದೋಟಿ ಬಂದದ್ದು ಕಾರ್ಮಿಕರ ಕೊರತೆಗೆ. ಆದರೆ ಅದರ ಜೊತೆ ಹೊತ್ತು ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಬಂತು. ಸಾಯಂಕಾಲ ಐದೂವರೆಯ ಮೇಲೆ ಅನ್ನುವ ಮಾತು ಈಗ ಆಗುವ ಮಾತು.

ಹಾಗಾಗಿ ನನ್ನ ಬೇಡಿಕೆಗಳು ದೊಡ್ಡವಲ್ಲ. ಡಬ್ಬದ ಮೇಲೆ, ತ್ರಿಕೋನದ ಪಕ್ಕದಲ್ಲಿ, ಒಂದು ನೊಣದ ಚಿತ್ರ ಬರಲಿ. ಸಬ್ಸಿಡಿಯಲ್ಲಿ ಜೇನು ಪೆಟ್ಟಿಗೆ ಕೊಟ್ಟ ಊರಿನಲ್ಲಿ ವರ್ಷಕ್ಕೊಮ್ಮೆ ತುಪ್ಪದ ಜೊತೆಗೆ ಎರಿಯ ಮೇಣವನ್ನೂ ಪರಾಗವನ್ನೂ ಪರೀಕ್ಷೆ ಮಾಡಿಸಲಿ. ತುಡುವೆ ಸಾಕುವವರು ಪೆಟ್ಟಿಗೆಯೊಳಗೆ ಹೆಚ್ಚಾಗಿ ಯಾವ ಮದ್ದೂ ಹಾಕುವುದಿಲ್ಲ. ಹಾಗಾಗಿ ಮೇಣದಲ್ಲಿ ಸಿಕ್ಕಿದ್ದು ಬಹುಪಾಲು ಹೊರಗಿನಿಂದಲೇ ಬಂದದ್ದು ಅಂತ ಗೊತ್ತಾಗುತ್ತದೆ. ಸತ್ತ ನೊಣ ತಂದುಕೊಟ್ಟರೆ ತೆಗೆದುಕೊಳ್ಳುವ ಒಂದು ಕೌಂಟರ್ ತಾಲೂಕಿಗೊಂದು ಇರಲಿ. ಪಂಚಾಯತಿನ ಕಸದ ಗಾಡಿಗೆ ವಾಟ್ಸಾಪ್ ಗ್ರೂಪ್ ಇದೆ. "ನಾಳೆ ಇಂಥ ಗುಡ್ಡೆಗೆ ಸ್ಪ್ರೇ" ಅಂತ ಹಿಂದಿನ ದಿನ ಒಂದು ಮೆಸೇಜ್ ಹಾಕುವುದಕ್ಕೆ ಬಜೆಟ್ ಬೇಕಾಗಿಲ್ಲ. ಪೆಟ್ಟಿಗೆಯ ಬಾಗಿಲಿಗೆ ರಾತ್ರಿಯೇ ಗೇಟು ಹಾಕಿ, ಮರುದಿನ ಗಾಳಿ-ನೆರಳು-ನೀರು ಕೊಟ್ಟು ಕಾಯುವುದು ಗೊತ್ತಿರುವ ಕೆಲಸವೇ.

ಇನ್ನು ನೀವು, ಕೊಳ್ಳುವವರು. ನಿಮ್ಮ ಒಂದು ಪ್ರಶ್ನೆಗೆ ಎಷ್ಟು ಶಕ್ತಿ ಇದೆ ಅಂತ ನಿಮಗೆ ಅಂದಾಜಿಲ್ಲ. "ಪ್ಯೂರಾ?" ಅಂತ ಎಲ್ಲರೂ ಕೇಳಿದ್ದಕ್ಕೇ ಈಗ ಪ್ರತಿ ಬಾಟ್ಲಿಯ ಮೇಲೂ ಪ್ಯೂರ್ ಅಂತ ಬರೆದಿದೆ. ಆ ಪ್ರಶ್ನೆಗೆ ಇನ್ನೆರಡು ಸೇರಿಸಿ. ಇದು ಯಾವ ತಿಂಗಳ ಜೇನು, ಪೆಟ್ಟಿಗೆ ಎಲ್ಲಿತ್ತು? ಆಗ ಸುತ್ತಮುತ್ತ ಏನು ಸ್ಪ್ರೇ ಆಗಿತ್ತು? ಮೊದಮೊದಲು ಮಾರುವವರಿಗೆ ಉತ್ತರ ಗೊತ್ತಿರುವುದಿಲ್ಲ. ನಾಲ್ಕು ಜನ ಕೇಳಿದರೆ ಅವರು ಸಾಕುವವರನ್ನು ಕೇಳುತ್ತಾರೆ, ಸಾಕುವವರು ಪಕ್ಕದ ತೋಟದವರನ್ನು ಕೇಳುತ್ತಾರೆ. ಪಕ್ಕದ ತೋಟದವರಿಗೆ ಈ ವಿಷಯ ಯಾರೂ ಇದುವರೆಗೆ ಕೇಳಿಲ್ಲ. ನಮ್ಮ ಬೈಲಿನಲ್ಲಿ ಕಳೆದ ಗೇರಿನ ಹೂವಿನ ಕಾಲದಲ್ಲಿ ಒಬ್ಬರು ಹಿಂದಿನ ಸಂಜೆ ಅಪ್ಪನಿಗೆ ಫೋನ್ ಮಾಡಿ, "ನಾಳೆ ಹೊಡೆಯುತ್ತೇವೆ, ಪೆಟ್ಟಿಗೆ ಮುಚ್ಚಿಕೊಳ್ಳಿ" ಅಂದರು. ಅಪ್ಪ ಮುಚ್ಚಿದರು. ಆ ಫೋನಿಗೆ ತಗುಲಿದ ಖರ್ಚು ಏನೂ ಇಲ್ಲ. ಇಂಥ ಫೋನುಗಳು ಎಲ್ಲ ಬೈಲಿನಲ್ಲೂ ಆಗಬೇಕು, ಅಷ್ಟೆ.